ಸರಾಸರಿ ಹೇಳದ ಮಾತು: ಮಾರ್ಕೋನಹಳ್ಳಿಯ ನೀರಿನಿಂದ ಮೊಹಲ್ಲಾದ ಮನೆಗಳವರೆಗೆ

ಮಳೆ ಹಿಡಿದುಕೊಂಡರೆ ಕುಣಿಗಲ್ ಕಡೆಯ ಮನೆಗಳಲ್ಲಿ ಮೊದಲು ಕೇಳಿಬರುವ ಪ್ರಶ್ನೆ ‘ಮಾರ್ಕೋನಹಳ್ಳಿ ತುಂಬಿತಾ?’ ಎಂಬುದು. ಉತ್ತರ ಒಂದು ಅಂಕಿಯಾಗಿ ಬರುತ್ತದೆ: ಇಷ್ಟು ಅಡಿ ಇದೆ, ಇನ್ನು ಇಷ್ಟು ಅಡಿ ಬೇಕು. ಸಮೀಕ್ಷೆಗೆಂದು ಮೇಷ್ಟ್ರು ಮನೆಗೆ ಬಂದರೂ ಅಂಕಿಯೇ. ಮನೆಯಲ್ಲಿ ಎಷ್ಟು ಜನ, ಯಾರ ವಯಸ್ಸು ಎಷ್ಟು, ಯಾರು ಎಷ್ಟನೇ ತರಗತಿವರೆಗೆ ಓದಿದ್ದಾರೆ, ತಿಂಗಳಿಗೆ ಎಷ್ಟು ಬರುತ್ತದೆ. ರಮಝಾನಿಗೆ ಮುಂಚೆ ಮಸೀದಿ ಕಮಿಟಿಯವರು ಬಡ ಮನೆಗಳ ಪಟ್ಟಿ ಮಾಡುವಾಗಲೂ ಅಂಕಿಯೇ. ಕಾಗದದ ಮೇಲೆ ಈ ಅಂಕಿಗಳೆಲ್ಲ ಒಂದೇ ಥರ ಕಾಣುತ್ತವೆ. ಆದರೆ ಅವುಗಳಲ್ಲಿ ಕೆಲವನ್ನು ಕೂಡಬಹುದು, ಕೆಲವನ್ನು ಕೂಡಬಾರದು. ಕೆಲವನ್ನು ಭಾಗಿಸಿ ‘ಸರಾಸರಿ’ ಎಂದರೆ ಅರ್ಥವಿದೆ, ಕೆಲವಕ್ಕೆ ಹಾಗೆ ಮಾಡಿದರೆ ಸುಳ್ಳು ಹೇಳಿದಂತೆಯೇ ಆಗುತ್ತದೆ. ಈ ವ್ಯತ್ಯಾಸವನ್ನು ಈ ಸಂಚಿಕೆಯಲ್ಲಿ ಸ್ವಲ್ಪ ಬಿಡಿಸಿ ನೋಡೋಣ ಎಂದುಕೊಂಡಿದ್ದೇವೆ.

ಇದು ಕೇವಲ ಶಾಲೆಯ ಮಕ್ಕಳಿಗೆ ಬಿಟ್ಟ ವಿಷಯವಲ್ಲ. ಕರ್ನಾಟಕ ರಾಜ್ಯ ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ 2025ರ ಸೆಪ್ಟೆಂಬರ್ 22ರಂದು ಆರಂಭವಾದಾಗ ಗಣತಿದಾರರ ಕೈಯಲ್ಲಿ 60 ಪ್ರಶ್ನೆಗಳಿದ್ದವು. 2011ರ ನಂತರದ ದೇಶದ ಜನಗಣತಿಗೆ 2027ರ ಮಾರ್ಚ್ 1ನ್ನು ಗೊತ್ತುಮಾಡಲಾಗಿದೆ. ನಮ್ಮ ಮನೆಯ ಉತ್ತರಗಳು ಸೇರಿ ಕೋಷ್ಟಕಗಳಾಗುತ್ತವೆ. ವಿದ್ಯಾರ್ಥಿವೇತನ, ಹಾಸ್ಟೆಲ್, ಮೀಸಲಾತಿಯ ವಾದಗಳೆಲ್ಲ ಆ ಕೋಷ್ಟಕಗಳ ಮೇಲೆ ನಿಲ್ಲುತ್ತವೆ. ‘ನಿಮ್ಮ ಸಮುದಾಯದ ಸರಾಸರಿ ಇಷ್ಟು’ ಎಂದು ಯಾರಾದರೂ ಹೇಳಿದಾಗ ತಿರುಗಿ ಏನು ಕೇಳಬೇಕು ಎಂಬುದು ನಮಗೆ ಗೊತ್ತಿರಬೇಕು.

ಅಂಕಿಗಳಲ್ಲಿ ನಾಲ್ಕು ಬಗೆ

1946ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಎಸ್. ಎಸ್. ಸ್ಟೀವನ್ಸ್ ಅವರು ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಲೇಖನ ಬರೆದು ಅಳತೆಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು. ಕನ್ನಡದಲ್ಲಿ ಇವನ್ನು ನಾಮ ಮಾಪನ, ಕ್ರಮ ಮಾಪನ, ಅಂತರ ಮಾಪನ, ಅನುಪಾತ ಮಾಪನ ಎನ್ನಬಹುದು. ಹೆಸರುಗಳು ಭಾರವಾಗಿ ಕಂಡರೂ ಒಳಗಿನ ವಿಚಾರ ಸರಳ.

ಮೊದಲನೆಯದು ಬರೀ ಹೆಸರು. ಗಂಡೋ ಹೆಣ್ಣೋ, ಮಾತೃಭಾಷೆ ಉರ್ದುವೋ ಕನ್ನಡವೋ ಬ್ಯಾರಿಯೋ, ಮನೆ ಸ್ವಂತದ್ದೋ ಬಾಡಿಗೆಯದೋ. ಕಂಪ್ಯೂಟರಿಗೆ ಅನುಕೂಲವಾಗಲೆಂದು ಗಣತಿದಾರರು ಇವಕ್ಕೆ 1, 2, 3 ಎಂದು ಕೋಡ್ ಕೊಡುತ್ತಾರೆ. ಕೋಡ್ 3 ಕೋಡ್ 1ಕ್ಕಿಂತ ದೊಡ್ಡದಲ್ಲ. ಅದು ಬಸ್ಸಿನ ನಂಬರಿನ ಹಾಗೆ. ತುಮಕೂರು ಬಸ್ ನಿಲ್ದಾಣದಲ್ಲಿ ನಿಂತಿರುವ ಬಸ್ಸುಗಳ ನಂಬರುಗಳನ್ನೆಲ್ಲ ಕೂಡಿ ಭಾಗಿಸಿದರೆ ಎಲ್ಲಿಗೂ ಹೋಗದ ಒಂದು ಬಸ್ಸಿನ ನಂಬರು ಬಂದೀತು, ಅಷ್ಟೆ. ಇಂಥ ಅಂಕಿಗಳಲ್ಲಿ ಮಾಡಬಹುದಾದ ಕೆಲಸ ಎಣಿಸುವುದು ಮತ್ತು ಯಾವುದು ಹೆಚ್ಚು ಸಲ ಬಂದಿದೆ ಎಂದು ನೋಡುವುದು. ಹೆಚ್ಚು ಸಲ ಬಂದಿರುವುದಕ್ಕೆ ಗಣಿತದ ಪುಸ್ತಕಗಳಲ್ಲಿ ‘ಬಹುಲಕ’ ಎಂಬ ಹೆಸರಿದೆ.

ಎಣಿಸುವುದಷ್ಟೇ ತಾನೇ ಎಂದು ಹಗುರವಾಗಿ ನೋಡಬೇಡಿ. ಒಂಬತ್ತನೇ ಶತಮಾನದಲ್ಲಿ ಬಗ್ದಾದಿನ ವಿದ್ವಾಂಸ ಅಲ್-ಕಿಂದಿ ಗುಪ್ತಲಿಪಿಗಳನ್ನು ಬಿಡಿಸುವ ಬಗ್ಗೆ ಒಂದು ಗ್ರಂಥ ಬರೆದರು. ಅವರ ಉಪಾಯ ಇದು: ಅದೇ ಭಾಷೆಯ ಒಂದು ಸಾಮಾನ್ಯ ಬರಹವನ್ನು ತೆಗೆದುಕೊಂಡು ಪ್ರತಿ ಅಕ್ಷರ ಎಷ್ಟು ಸಲ ಬರುತ್ತದೆ ಎಂದು ಎಣಿಸಿ. ಆಮೇಲೆ ಗುಪ್ತಪತ್ರದ ಚಿಹ್ನೆಗಳನ್ನೂ ಎಣಿಸಿ. ಅಲ್ಲಿ ಅತಿ ಹೆಚ್ಚು ಬರುವ ಚಿಹ್ನೆಯನ್ನು ಇಲ್ಲಿ ಅತಿ ಹೆಚ್ಚು ಬರುವ ಅಕ್ಷರಕ್ಕೆ ಹೊಂದಿಸಿ, ಎರಡನೆಯದನ್ನು ಎರಡನೆಯದಕ್ಕೆ. ಅಕ್ಷರಗಳು ಶುದ್ಧ ನಾಮ ಮಾಪನ. ಅಲಿಫ್ ಮತ್ತು ಲಾಮ್‌ಗಳ ಸರಾಸರಿ ಎಂಬುದೊಂದಿಲ್ಲ. ಎಣಿಕೆಯೊಂದರಿಂದಲೇ ರಾಜರ ಗುಟ್ಟು ಬಯಲಾಯಿತು. ಇಂದು ವಿವರಣಾತ್ಮಕ ಸಂಖ್ಯಾಶಾಸ್ತ್ರ ಎಂದು ಕರೆಯುವ ವಿದ್ಯೆಯ ಹಳೆಯ ಬರಹಗಳಲ್ಲಿ ಅದೂ ಒಂದೆಂದು ಇತಿಹಾಸಕಾರರು ಲೆಕ್ಕಿಸುತ್ತಾರೆ.

ಎರಡನೆಯ ಬಗೆಯಲ್ಲಿ ಹೆಸರಿನ ಜೊತೆಗೆ ಮೇಲೆ ಕೆಳಗೆ ಎಂಬ ಕ್ರಮವೂ ಇದೆ. ಓದು ಇದಕ್ಕೆ ಒಳ್ಳೆಯ ಉದಾಹರಣೆ. ಓದಿಲ್ಲದವರಿಗೆ 1, ಪ್ರಾಥಮಿಕ ಶಾಲೆಗೆ 2, ಎಸ್ಸೆಸ್ಸೆಲ್ಸಿಗೆ 3, ಪಿಯುಸಿಗೆ 4, ಪದವಿಗೆ 5 ಎಂದು ಬರೆದುಕೊಂಡರೆ 5 ಎಂಬುದು 4ಕ್ಕಿಂತ ಮೇಲಿನದು ನಿಜ. ಆದರೆ 1ರಿಂದ 2ಕ್ಕೆ ಹತ್ತುವ ಮೆಟ್ಟಿಲೂ 4ರಿಂದ 5ಕ್ಕೆ ಹತ್ತುವ ಮೆಟ್ಟಿಲೂ ಒಂದೇ ಎತ್ತರದ್ದಲ್ಲ. ಹಾಗಿರುವಾಗ ‘ನಮ್ಮ ಮೊಹಲ್ಲಾದ ಶಿಕ್ಷಣದ ಸರಾಸರಿ 2.7’ ಎಂದರೆ ಏನರ್ಥ? ಪ್ರಾಥಮಿಕ ಮುಗಿಸಿ ಎಸ್ಸೆಸ್ಸೆಲ್ಸಿಗೆ ಮುಕ್ಕಾಲು ದಾರಿ ಎಂದೇ? ಅಂಥ ಮನುಷ್ಯರು ಯಾರೂ ಇಲ್ಲ. ಇಲ್ಲಿ ಹೇಳಬೇಕಾದ್ದು, ನೂರು ಜನರಲ್ಲಿ ಇಷ್ಟು ಮಂದಿ ಎಸ್ಸೆಸ್ಸೆಲ್ಸಿ ದಾಟಿದ್ದಾರೆ, ಇಷ್ಟು ಮಂದಿ ದಾಟಿಲ್ಲ ಎಂದು. ಆಸ್ಪತ್ರೆಯಲ್ಲಿ ‘ನೋವು ಹತ್ತರಲ್ಲಿ ಎಷ್ಟು?’ ಎಂದು ಕೇಳುವುದೂ, ಅಂಗಡಿಯ ಆ್ಯಪ್‌ನಲ್ಲಿ ನಕ್ಷತ್ರ ಕೊಡುವುದೂ ಇದೇ ಬಗೆ. ನಕ್ಷತ್ರಗಳಿಗೆ ಎಲ್ಲರೂ ಸರಾಸರಿ ತೆಗೆಯುತ್ತಾರೆ. ತೆಗೆಯಲಿ, ಅದನ್ನು ತೂಕದ ಅಂಕಿಯಷ್ಟು ನೆಚ್ಚಬೇಡಿ ಎಂದಷ್ಟೇ ನಮ್ಮ ಮಾತು.

ಮೂರನೆಯ ಮತ್ತು ನಾಲ್ಕನೆಯ ಬಗೆಗಳನ್ನು ತಿಳಿಯಲು ಮಾರ್ಕೋನಹಳ್ಳಿಗಿಂತ ಒಳ್ಳೆಯ ಪಾಠಶಾಲೆ ಬೇಡ. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟಿ ಹರಿದು ಬರುವ ಶಿಂಷಾ ನದಿಗೆ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕುಣಿಗಲ್ ತಾಲ್ಲೂಕಿನಲ್ಲಿ ಕಟ್ಟಿದ ಅಣೆಕಟ್ಟೆ ಇದು. ನಡುವೆ 139 ಮೀಟರ್ ಉದ್ದದ ಕಲ್ಲಿನ ಕಟ್ಟಡ, ಎರಡೂ ಬದಿಗೆ ಉದ್ದಕ್ಕೆ ಮಣ್ಣಿನ ಏರಿ. ಪೂರ್ಣ ಮಟ್ಟ ಸಮುದ್ರ ಮಟ್ಟದಿಂದ 731.57 ಮೀಟರ್. ಆಗ ಹಿಡಿಯುವ ನೀರು 240 ಕೋಟಿ ಘನ ಅಡಿ, ಅಂದರೆ 2.4 ಟಿಎಂಸಿ. ಅಚ್ಚುಕಟ್ಟು ಸುಮಾರು 6,070 ಹೆಕ್ಟೇರ್.

ಈಗ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ. 2.4 ಟಿಎಂಸಿಯ ಅರ್ಧ 1.2 ಟಿಎಂಸಿ. ಅದು ನಿಜವಾಗಿಯೂ ಅರ್ಧ ನೀರು. ಸೊನ್ನೆ ಟಿಎಂಸಿ ಎಂದರೆ ನೀರೇ ಇಲ್ಲ. ಇಲ್ಲಿ ಸೊನ್ನೆಗೆ ನಿಜವಾದ ಅರ್ಥವಿದೆ. ಆದ್ದರಿಂದ ‘ಎರಡರಷ್ಟು’, ‘ಅರ್ಧದಷ್ಟು’ ಎಂಬ ಮಾತುಗಳಿಗೂ ಅರ್ಥವಿದೆ. ಇದು ಅನುಪಾತ ಮಾಪನ. ತೂಕ, ದುಡ್ಡು, ವಯಸ್ಸು, ಮಕ್ಕಳ ಸಂಖ್ಯೆ, ಮಳೆಯ ಮಿಲಿಮೀಟರ್ ಎಲ್ಲ ಈ ಬಗೆಯವು. ಆದರೆ 731.57 ಮೀಟರಿನ ಅರ್ಧ ಸುಮಾರು 365.8 ಮೀಟರ್. ಅದು ಅರ್ಧ ತುಂಬಿದ ಡ್ಯಾಮಿನ ಮಟ್ಟವಲ್ಲ. ಡ್ಯಾಮಿನ ತಳಕ್ಕಿಂತಲೂ ನೂರಾರು ಮೀಟರ್ ಕೆಳಗೆ, ಬಂಡೆಯೊಳಗಿನ ಒಂದು ಜಾಗ! ಏಕೆಂದರೆ ಇಲ್ಲಿನ ಸೊನ್ನೆಯನ್ನು ನಾವು ದೂರದ ಸಮುದ್ರದ ಬಳಿ ಇಟ್ಟುಕೊಂಡಿದ್ದೇವೆ. ಅದು ಅಳೆಯುವ ಅನುಕೂಲಕ್ಕೆ ಗೊತ್ತುಮಾಡಿಕೊಂಡ ಸೊನ್ನೆ. ಇಂಥ ಅಂಕಿಗಳಲ್ಲಿ ವ್ಯತ್ಯಾಸಕ್ಕೆ ಮಾತ್ರ ಅರ್ಥ: ನಿನ್ನೆಗಿಂತ ಅರ್ಧ ಮೀಟರ್ ಏರಿದೆ, ಮೊನ್ನೆಗಿಂತ ಒಂದು ಮೀಟರ್ ಏರಿದೆ. ಇದು ಅಂತರ ಮಾಪನ.

ಇಲ್ಲಿ ಇನ್ನೊಂದು ಸೂಕ್ಷ್ಮವೂ ಇದೆ. ‘ಅರ್ಧ ಆಳಕ್ಕೆ ನೀರು ಬಂದಿದೆ’ ಎಂದರೆ ಅರ್ಧ ನೀರು ಬಂದಿದೆ ಎಂದಲ್ಲ. ಜಲಾಶಯ ಬಟ್ಟಲಿನ ಹಾಗೆ, ಕೆಳಗೆ ಕಿರಿದು, ಮೇಲೆ ಅಗಲ. ಕೊನೆಯ ಕೆಲವು ಅಡಿಗಳಲ್ಲಿ ನಿಲ್ಲುವ ನೀರು ತಳದ ಅಷ್ಟೇ ಅಡಿಗಳಲ್ಲಿ ನಿಲ್ಲುವುದಕ್ಕಿಂತ ಎಷ್ಟೋ ಹೆಚ್ಚು. ‘ಇನ್ನು ನಾಲ್ಕೇ ಅಡಿ ಬಾಕಿ’ ಎಂದು ಕೇಳಿದ ರೈತ ಹಿಗ್ಗುವ ಮುಂಚೆ ಎಷ್ಟು ಟಿಎಂಸಿ ಬಾಕಿ ಎಂದೂ ಕೇಳಬೇಕು.

ಇಸವಿಗಳೂ ಅಂತರ ಮಾಪನವೇ. ಹಿಜ್ರಿ 1400 ಎಂಬುದು ಹಿಜ್ರಿ 700ರ ಎರಡರಷ್ಟು ಅಲ್ಲ. ಎರಡರ ನಡುವೆ 700 ವರ್ಷಗಳ ಅಂತರವಿದೆ, ಅಷ್ಟೆ. ಹಿಜ್ರಿಯ ಸೊನ್ನೆ ಒಂದು ಕಡೆ, ಕ್ರಿಸ್ತಶಕದ ಸೊನ್ನೆ ಇನ್ನೊಂದು ಕಡೆ. ಹುಟ್ಟಿದ ಇಸವಿ ಅಂತರ ಮಾಪನ, ವಯಸ್ಸು ಅನುಪಾತ ಮಾಪನ. ಅಳತೆಗೋಲು ಯಾವುದು ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ಹಿಜ್ರಿ ವರ್ಷಕ್ಕೆ 354 ಅಥವಾ 355 ದಿನ. ಹೀಗಾಗಿ 33 ಹಿಜ್ರಿ ವರ್ಷಗಳು ಸೇರಿದರೆ ಸೂರ್ಯಮಾನದ 32 ವರ್ಷಗಳಾಗುತ್ತವೆ. ಚಂದ್ರನ ಲೆಕ್ಕದಲ್ಲಿ 66 ತುಂಬಿದ ನಾನಿಗೆ ಪಿಂಚಣಿ ಕಚೇರಿಯ ಲೆಕ್ಕದಲ್ಲಿ 64. ಇಬ್ಬರೂ ಸರಿಯೇ, ಗೋಲು ಬೇರೆ. ಉಷ್ಣತೆಯೂ ಹೀಗೆಯೇ. 40 ಡಿಗ್ರಿ ಸೆಲ್ಸಿಯಸ್ ಎಂದರೆ 20ರ ಎರಡರಷ್ಟು ಬಿಸಿ ಎಂದಲ್ಲ.

ಹನ್ನೊಂದು ಮನೆಗಳ ಒಂದು ಗಲ್ಲಿ

ಈಗ ಸರಾಸರಿಯ ವಿಚಾರಕ್ಕೆ ಬರೋಣ. ಲೆಕ್ಕಕ್ಕೆಂದು ನಾವೇ ಕಲ್ಪಿಸಿಕೊಂಡ ಒಂದು ಗಲ್ಲಿ ಇದೆ ಎನ್ನಿ. ಹನ್ನೊಂದು ಮನೆ. ತಿಂಗಳ ಆದಾಯವನ್ನು ಕಡಿಮೆಯಿಂದ ಹೆಚ್ಚಿಗೆ ಬರೆದರೆ ಹೀಗೆ: 6,000, 8,000, 8,000, 9,000, 10,000, 12,000, 12,000, 12,000, 15,000, 18,000, 1,10,000 ರೂಪಾಯಿ. ಮೊದಲ ಮನೆಯಲ್ಲಿ ಹೊಲಿಗೆ ಮಾಡಿ ಮಕ್ಕಳನ್ನು ಸಾಕುತ್ತಿರುವ ವಿಧವೆ. ನಡುವೆ ಆಟೋ ಓಡಿಸುವವರು, ಗ್ಯಾರೇಜಿನವರು, ಹಣ್ಣಿನ ಗಾಡಿಯವರು. ಕೊನೆಯ ಮನೆಯ ಮಗ ಗಲ್ಫ್‌ನಲ್ಲಿ ಎಂಜಿನಿಯರ್.

ಎಲ್ಲ ಕೂಡಿದರೆ 2,20,000. ಹನ್ನೊಂದರಿಂದ ಭಾಗಿಸಿದರೆ ಸರಾಸರಿ 20,000. ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಆ ಗಲ್ಲಿಯಲ್ಲಿ 20,000 ಸಂಪಾದಿಸುವ ಮನೆ ಒಂದೂ ಇಲ್ಲ. ಹನ್ನೊಂದರಲ್ಲಿ ಹತ್ತು ಮನೆಗಳು ಸರಾಸರಿಗಿಂತ ಕೆಳಗಿವೆ. ಗಲ್ಫ್‌ನ ಮನೆಯನ್ನು ಬಿಟ್ಟು ಲೆಕ್ಕ ಹಾಕಿದರೆ ಸರಾಸರಿ ಒಮ್ಮೆಲೇ 11,000ಕ್ಕೆ ಇಳಿಯುತ್ತದೆ. ಒಂದೇ ಒಂದು ಮನೆ ಇಡೀ ಗಲ್ಲಿಯ ಸರಾಸರಿಯನ್ನು ಹೆಚ್ಚುಕಡಿಮೆ ಎರಡು ಪಟ್ಟು ಮಾಡಿತ್ತು. ‘ಈ ಗಲ್ಲಿಯವರು ತಿಂಗಳಿಗೆ ಸರಾಸರಿ 20,000 ದುಡಿಯುತ್ತಾರೆ, ಇವರಿಗೇನು ಕಷ್ಟ?’ ಎಂದು ಯಾರಾದರೂ ಪಟ್ಟಿಯಿಂದ ಗಲ್ಲಿಯನ್ನೇ ತೆಗೆದುಹಾಕಿದರೆ ಮೊದಲ ಮನೆಯ ವಿಧವೆಗೆ ಸಿಗಬೇಕಾದ್ದು ಸಿಗುವುದಿಲ್ಲ.

ಇದಕ್ಕೇ ಮಧ್ಯಾಂಕ ಎಂಬ ಅಳತೆ ಇರುವುದು. ಅಂಕಿಗಳನ್ನು ಸಾಲಾಗಿ ನಿಲ್ಲಿಸಿ ನಟ್ಟನಡುವಿನದನ್ನು ಎತ್ತಿಕೊಳ್ಳಿ. ಹನ್ನೊಂದರಲ್ಲಿ ಆರನೆಯದು: 12,000. ಗಲ್ಫ್‌ನ ಮನೆಯ ಆದಾಯ 1,10,000 ಇರಲಿ, 11 ಲಕ್ಷವಾಗಲಿ, ಮಧ್ಯಾಂಕ ಅಲುಗುವುದಿಲ್ಲ. ನಮ್ಮ ಗಲ್ಲಿಯಲ್ಲಿ ಬಹುಲಕವೂ 12,000ವೇ, ಅದು ಮೂರು ಸಲ ಬಂದಿದೆ. ಆದಾಯ, ಆಸ್ತಿ, ಮನೆ ಬಾಡಿಗೆ, ಮೆಹರ್, ಮದುವೆ ಖರ್ಚು ಇಂಥ ವಿಷಯಗಳಲ್ಲಿ ಕೆಲವರದು ಬಹಳ ದೊಡ್ಡದಿರುತ್ತದೆ. ಅಲ್ಲಿ ಸರಾಸರಿ ಕೇಳುವ ಬದಲು ಮಧ್ಯಾಂಕ ಕೇಳುವುದು ಒಳ್ಳೆಯದು. ‘ಈಗಿನ ಕಾಲದಲ್ಲಿ ಮದುವೆಗೆ ಎಲ್ಲರೂ ಇಷ್ಟು ಖರ್ಚು ಮಾಡುತ್ತಾರೆ’ ಎಂಬ ಮಾತು ಮನೆಗಳಲ್ಲಿ ಹುಟ್ಟುವುದೂ ಶಾದಿಮಹಲಿನ ಎರಡು ಮೂರು ದೊಡ್ಡ ಮದುವೆಗಳನ್ನು ನೋಡಿಯೇ. ಸಾಲಿನ ನಡುವೆ ನಿಂತ ಮದುವೆಯನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ.

ಸರಾಸರಿಗಳ ಸರಾಸರಿ ತೆಗೆಯುವುದೂ ನಮ್ಮಲ್ಲಿ ಮಾಮೂಲಿ. ಒಂದು ಗಲ್ಲಿಯಲ್ಲಿ 10 ಮನೆ, ಸರಾಸರಿ 10,000. ಇನ್ನೊಂದರಲ್ಲಿ 40 ಮನೆ, ಸರಾಸರಿ 20,000. ಎರಡೂ ಸೇರಿ 15,000 ಎನ್ನುತ್ತಾರೆ. ಅಲ್ಲ. ಒಟ್ಟು 9 ಲಕ್ಷವನ್ನು 50 ಮನೆಗಳಿಗೆ ಹಂಚಿದರೆ 18,000.

ಸೈಫನ್ ಕಲಿಸುವ ಪಾಠ

ಸರಾಸರಿಯ ಜೊತೆ ಕೇಳಲೇಬೇಕಾದ ಇನ್ನೊಂದು ಪ್ರಶ್ನೆ, ಅಂಕಿಗಳು ಎಷ್ಟು ಚದುರಿವೆ ಎಂಬುದು. ಮತ್ತೆ ಮಾರ್ಕೋನಹಳ್ಳಿಗೆ ಹೋಗೋಣ.

ಈ ಅಣೆಕಟ್ಟೆಯ ವಿಶೇಷ ಅದರ ಸೈಫನ್‌ಗಳು. ಸಾಮಾನ್ಯ ಡ್ಯಾಮಿನಲ್ಲಿ ಗೇಟು ಇರುತ್ತದೆ, ಎತ್ತುವವರು ಇರುತ್ತಾರೆ. ಸೈಫನ್‌ಗೆ ಎತ್ತುವವರು ಬೇಡ. ನೀರು ಪೂರ್ಣ ಮಟ್ಟ ದಾಟಿ ಸೈಫನ್‌ನ ಬಾಯಿಯ ಅಂಚಿನಿಂದ ಒಳಗೆ ಇಳಿಯತೊಡಗಿದರೆ ಒಳಗಿನ ಗಾಳಿಯನ್ನು ಎಳೆದುಕೊಂಡು ಹೋಗುತ್ತದೆ. ಗಾಳಿ ಖಾಲಿಯಾದ ಕೂಡಲೇ ಕೊಳವೆ ತುಂಬ ನೀರು ಭೋರೆಂದು ಹರಿಯುತ್ತದೆ. ಪೆಟ್ರೋಲ್ ಟ್ಯಾಂಕಿನಿಂದ ಪೈಪಿನಲ್ಲಿ ಎಳೆದಾಗ ಒಮ್ಮೆ ಬಾಯಿಗೆ ಬಂದ ಮೇಲೆ ತಾನಾಗಿಯೇ ಸುರಿಯುತ್ತದಲ್ಲ, ಅದೇ ತತ್ವ. ಅಂದರೆ ಸ್ವಲ್ಪ ಸ್ವಲ್ಪವಾಗಿ ಹೆಚ್ಚುವ ಹರಿವಲ್ಲ ಇದು. ಇಲ್ಲ ಎನ್ನುವಷ್ಟರಿಂದ ಪೂರ್ತಿಗೆ ಸ್ವಲ್ಪ ಹೊತ್ತಿನಲ್ಲೇ ಹೋಗಿಬಿಡುತ್ತದೆ.

ವರ್ಷದ 365 ದಿನಗಳಿಗೂ ಸೈಫನ್‌ನಿಂದ ಬಂದ ನೀರಿನ ಪಟ್ಟಿ ಮಾಡಿದರೆ ಹೆಚ್ಚಿನ ದಿನಗಳ ಎದುರು ಸೊನ್ನೆ ಇರುತ್ತದೆ. ಬಹುಲಕ ಸೊನ್ನೆ, ಮಧ್ಯಾಂಕವೂ ಸೊನ್ನೆ. ಸರಾಸರಿ ಒಂದು ಸಣ್ಣ ಅಂಕಿ. ಮೂರು ಅಂಕಿಗಳೂ ಸೇರಿ ‘ಇಲ್ಲಿ ಏನೂ ಆಗುವುದಿಲ್ಲ, ಇಳಿಯಿರಿ’ ಎನ್ನುತ್ತವೆ. ಅಲ್ಲಿಗೆ ಹತ್ತು ಸಲ ಹೋಗಿ ಬಂದವರ ಅನುಭವವೂ ಅದನ್ನೇ ಹೇಳುತ್ತದೆ. ಅವರ ಹತ್ತು ಸಲವೂ ಸೊನ್ನೆಯ ದಿನಗಳೇ ಆಗಿರುತ್ತವೆ. 2025ರ ಅಕ್ಟೋಬರಿನಲ್ಲಿ ತುಮಕೂರಿನ ಕಡೆಯಿಂದ ವಿಹಾರಕ್ಕೆಂದು ಬಂದು ನೀರಿಗಿಳಿದಿದ್ದ ಒಂದು ಕುಟುಂಬದ ಹಲವರು ಇದ್ದಕ್ಕಿದ್ದಂತೆ ನುಗ್ಗಿದ ನೀರಿನಲ್ಲಿ ಕೊಚ್ಚಿಹೋದ ಸುದ್ದಿಯನ್ನು ನಮ್ಮ ಓದುಗರು ಮರೆತಿರಲಾರರು. ಆ ನೀರಿನ ಬಳಿ ಕೇಳಬೇಕಾದ ಪ್ರಶ್ನೆ ‘ಸಾಮಾನ್ಯವಾಗಿ ಎಷ್ಟು ನೀರು ಬರುತ್ತದೆ?’ ಎಂದಲ್ಲ. ‘ಅತಿ ಹೆಚ್ಚೆಂದರೆ ಎಷ್ಟು ಬರಬಹುದು, ಇವತ್ತು ಮಟ್ಟ ಎಲ್ಲಿದೆ?’ ಎಂದು. ಮಳೆ ನಮ್ಮ ತಲೆಯ ಮೇಲೆಯೇ ಬೀಳಬೇಕಾಗಿಲ್ಲ. ಈ ಜಲಾಶಯಕ್ಕೆ ನೀರು ಒದಗಿಸುವ ಜಲಾನಯನ ಪ್ರದೇಶ 4,103 ಚದರ ಕಿಲೋಮೀಟರ್. ಮೇಲೆಲ್ಲೋ ರಾತ್ರಿ ಸುರಿದದ್ದು ಬಿಸಿಲಿರುವ ಮಧ್ಯಾಹ್ನ ಇಲ್ಲಿಗೆ ಬಂದು ತಲುಪಬಹುದು.

ಚದುರಿಕೆಯನ್ನು ಅಳೆಯುವ ಅತಿ ಸುಲಭದ ಅಳತೆ ವ್ಯಾಪ್ತಿ, ಅಂದರೆ ಅತಿ ದೊಡ್ಡದರಿಂದ ಅತಿ ಚಿಕ್ಕದನ್ನು ಕಳೆಯುವುದು. ನಮ್ಮ ಗಲ್ಲಿಯಲ್ಲಿ 1,10,000ದಿಂದ 6,000 ಕಳೆದರೆ 1,04,000. ಇದೂ ಗಲ್ಫ್‌ನ ಮನೆಯೊಂದರಿಂದಲೇ ಉಬ್ಬಿದ್ದು. ಅದಕ್ಕಿಂತ ಮೇಲು, ಸಾಲನ್ನು ನಾಲ್ಕು ಪಾಲು ಮಾಡಿ ನೋಡುವುದು. ಹನ್ನೊಂದರಲ್ಲಿ ಮೂರನೆಯದು 8,000, ಒಂಬತ್ತನೆಯದು 15,000. ನಡುವಿನ ಮನೆಗಳು ಈ ಎರಡರ ಮಧ್ಯೆ ಇವೆ. ಕಮಿಟಿಯ ಕೈಯಲ್ಲಿ ಮೂರೇ ಮನೆಗಳಿಗಾಗುವಷ್ಟು ರೇಷನ್ ಇದ್ದರೆ ಅವರು ನೋಡಬೇಕಾದ್ದು 8,000 ಮತ್ತು ಅದಕ್ಕಿಂತ ಕೆಳಗಿನ ಸಾಲನ್ನು. ಆಮೇಲೆ ಆ ಮನೆಗಳಲ್ಲಿ ಉಣ್ಣುವ ಬಾಯಿ ಎಷ್ಟು ಎಂಬುದನ್ನೂ ಕೇಳಬೇಕಲ್ಲ. 8,000ದಲ್ಲಿ ಇಬ್ಬರು ಇರುವುದಕ್ಕೂ ಏಳು ಜನ ಇರುವುದಕ್ಕೂ ವ್ಯತ್ಯಾಸವಿದೆ.

ಇನ್ನು ಮಾನಕ ವಿಚಲನೆ. ಹೆಸರು ಕೇಳಿ ಹೆದರುವ ಮಕ್ಕಳ ತಂದೆತಾಯಿಯರು ಇದನ್ನು ಒಮ್ಮೆ ಮಕ್ಕಳ ಜೊತೆ ಕೂತು ಮಾಡಿ ನೋಡಿ. ಇಬ್ಬರು ಹುಡುಗರು ಐದು ಕಿರುಪರೀಕ್ಷೆ ಬರೆದರು ಎನ್ನಿ. ಒಬ್ಬನಿಗೆ 48, 50, 52, 49, 51. ಇನ್ನೊಬ್ಬನಿಗೆ 20, 80, 35, 65, 50. ಇಬ್ಬರ ಸರಾಸರಿಯೂ 50. ಪ್ರತಿ ಅಂಕ ಸರಾಸರಿಯಿಂದ ಎಷ್ಟು ದೂರ ಎಂದು ಬರೆದುಕೊಳ್ಳಿ, ಆ ದೂರಗಳ ವರ್ಗ ಮಾಡಿ, ಕೂಡಿ, ಐದರಿಂದ ಭಾಗಿಸಿ, ವರ್ಗಮೂಲ ತೆಗೆಯಿರಿ. ಮೊದಲನೆಯವನದು ವರ್ಗಗಳ ಮೊತ್ತ 10, ಐದರಿಂದ ಭಾಗಿಸಿದರೆ 2, ವರ್ಗಮೂಲ ಸುಮಾರು 1.4. ಎರಡನೆಯವನದು ಮೊತ್ತ 2,250, ಭಾಗಿಸಿದರೆ 450, ವರ್ಗಮೂಲ ಸುಮಾರು 21.2. ವರ್ಗ ಏಕೆ ಮಾಡಬೇಕು ಎಂದು ಮಕ್ಕಳು ಕೇಳುತ್ತಾರೆ. ಮಾಡದಿದ್ದರೆ ಸರಾಸರಿಯ ಮೇಲಿನ ದೂರಗಳೂ ಕೆಳಗಿನ ದೂರಗಳೂ ಒಂದನ್ನೊಂದು ಕಳೆದು ಸೊನ್ನೆಯಾಗಿಬಿಡುತ್ತವೆ. ಫಲಿತಾಂಶ ಇಷ್ಟು: ಮೊದಲ ಹುಡುಗ ಎಲ್ಲದರಲ್ಲೂ ಒಂದೇ ಸಮ. ಎರಡನೆಯವನಿಗೆ ಕೆಲವು ಪಾಠ ಚೆನ್ನಾಗಿ ಬರುತ್ತದೆ, ಕೆಲವು ಬರುವುದೇ ಇಲ್ಲ. ಒಂದೇ ಸರಾಸರಿಯ ಈ ಇಬ್ಬರಿಗೆ ಒಂದೇ ಟ್ಯೂಷನ್ ಕೊಡಿಸಿದರೆ ದುಡ್ಡು ದಂಡ.

ಇದೆಲ್ಲ ದೂರದವರ ವಿದ್ಯೆ ಎಂದು ಮಕ್ಕಳಿಗೆ ಅನಿಸಬಾರದು. ಜಗತ್ತಿನ ದೊಡ್ಡ ಸಂಖ್ಯಾಶಾಸ್ತ್ರಜ್ಞರಲ್ಲಿ ಒಬ್ಬರಾದ ಸಿ. ಆರ್. ರಾವ್ ಹುಟ್ಟಿದ್ದು 1920ರಲ್ಲಿ ನಮ್ಮ ಹೂವಿನ ಹಡಗಲಿಯಲ್ಲಿ. 2023ರಲ್ಲಿ ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಪ್ರಶಸ್ತಿ ಅವರಿಗೆ ಬಂದಾಗ ಅವರ ವಯಸ್ಸು 102.

ನಮ್ಮ ಬಗ್ಗೆ ಬರೆದ ಅಂಕಿಗಳು

ಸಮುದಾಯದ ಸಭೆಗಳಲ್ಲಿ ಸಾಚಾರ್ ವರದಿಯ ಹೆಸರು ಬಾರದ ದಿನವಿಲ್ಲ. ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ಅವರ ಸಮಿತಿ 2005ರಲ್ಲಿ ರಚನೆಯಾಗಿ 2006ರ ನವೆಂಬರಿನಲ್ಲಿ ವರದಿ ಕೊಟ್ಟಿತು. 2001ರ ಜನಗಣತಿಯ ಪ್ರಕಾರ ದೇಶದ ಮುಸ್ಲಿಮರ ಸಾಕ್ಷರತೆ ಶೇ. 59.1, ಇಡೀ ದೇಶದ್ದು ಸುಮಾರು ಶೇ. 65. ಭಾಷಣಗಳಲ್ಲಿ ಈ ಎರಡು ಅಂಕಿಗಳು ಬರುತ್ತವೆ. ಬಾರದ ಅಂಕಿ ಇನ್ನೊಂದಿದೆ. ಅದೇ ಜನಗಣತಿಯಲ್ಲಿ ಕರ್ನಾಟಕದ ಮುಸ್ಲಿಮರ ಸಾಕ್ಷರತೆ ಶೇ. 70.1, ರಾಜ್ಯದ ಒಟ್ಟು ಸಾಕ್ಷರತೆ ಶೇ. 66.6. ಇಲ್ಲಿ ನಾವು ಮುಂದೆ!

ಹಾಗಾದರೆ ಕರ್ನಾಟಕದಲ್ಲಿ ಚಿಂತೆಯಿಲ್ಲವೇ? ಈವರೆಗೆ ಹೇಳಿದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ. ಮೊದಲು, ಸಾಕ್ಷರತೆ ಎಂಬುದು ಯಾವ ಬಗೆಯ ಅಂಕಿ? ಏಳು ವರ್ಷ ತುಂಬಿದವರು ಯಾವುದಾದರೂ ಒಂದು ಭಾಷೆಯಲ್ಲಿ ಅರ್ಥ ತಿಳಿದು ಓದಿ ಬರೆಯಬಲ್ಲರೇ, ಹೌದು ಅಥವಾ ಇಲ್ಲ. ಶುದ್ಧ ನಾಮ ಮಾಪನ. ತನ್ನ ಹೆಸರಿನ ಜೊತೆ ನಾಲ್ಕು ಸಾಲು ಬರೆಯಬಲ್ಲ ಹಣ್ಣಿನ ವ್ಯಾಪಾರಿಯೂ ‘ಹೌದು’, ಡಾಕ್ಟರೂ ‘ಹೌದು’. ಮೇಲಿನ ಮೆಟ್ಟಿಲುಗಳು ಇದರಲ್ಲಿ ಕಾಣುವುದೇ ಇಲ್ಲ. ಅದೇ ಸಾಚಾರ್ ವರದಿಯಲ್ಲಿ ಮೆಟ್ಟಿಲಿನ ಅಂಕಿಯೂ ಇದೆ: ದೇಶದಲ್ಲಿ 20 ವರ್ಷ ದಾಟಿದವರಲ್ಲಿ ಪದವಿ ಅಥವಾ ಡಿಪ್ಲೊಮಾ ಪಡೆದವರು ಸುಮಾರು ಶೇ. 7, ಮುಸ್ಲಿಮರಲ್ಲಿ ಶೇ. 4ಕ್ಕೂ ಕಡಿಮೆ. ಎರಡನೆಯದಾಗಿ, ಯಾರನ್ನು ಯಾರ ಜೊತೆ ಹೋಲಿಸುತ್ತಿದ್ದೇವೆ? ಕರ್ನಾಟಕದ ಮುಸ್ಲಿಮರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಪಟ್ಟಣವಾಸಿಗಳು. ರಾಜ್ಯದ ಒಟ್ಟು ಜನರಲ್ಲಿ 2001ರಲ್ಲಿ ಪಟ್ಟಣವಾಸಿಗಳು ಮೂರನೇ ಒಂದು ಪಾಲು ಮಾತ್ರ. ಪಟ್ಟಣದಲ್ಲಿ ಎಲ್ಲರ ಸಾಕ್ಷರತೆಯೂ ಹಳ್ಳಿಗಿಂತ ಹೆಚ್ಚು. ಹಾಗಾಗಿ ನಮ್ಮ 70.1ರಲ್ಲಿ ಒಂದು ಪಾಲು ಊರಿನದು. ಸರಿಯಾದ ಹೋಲಿಕೆ ಬೇಕೆಂದರೆ ಪಟ್ಟಣದವರನ್ನು ಪಟ್ಟಣದವರ ಜೊತೆ, ಹಳ್ಳಿಯವರನ್ನು ಹಳ್ಳಿಯವರ ಜೊತೆ ಇಟ್ಟು ನೋಡಬೇಕು. ವೇದಿಕೆಯ ಮೇಲೆ ಒಂದೇ ಅಂಕಿ ಹೇಳಿ ಚಪ್ಪಾಳೆ ಗಿಟ್ಟಿಸುವವರೂ, ಒಂದೇ ಅಂಕಿ ಹೇಳಿ ನಿಟ್ಟುಸಿರು ಬಿಡಿಸುವವರೂ ಈ ಕಷ್ಟ ತೆಗೆದುಕೊಳ್ಳುವುದಿಲ್ಲ.

ಶೇಕಡಾ ಬಗ್ಗೆಯೂ ಒಂದು ಮಾತು. ಒಂದು ಸಣ್ಣ ಊರಿನಲ್ಲಿ ನಮ್ಮ ಮೂರು ಮಕ್ಕಳು ಎಸ್ಸೆಸ್ಸೆಲ್ಸಿ ಬರೆದು ಇಬ್ಬರು ಪಾಸಾದರೆ ಸುಮಾರು ಶೇ. 67. ಮುಂದಿನ ವರ್ಷ ಮೂವರೂ ಪಾಸಾದರೆ ಶೇ. 100. ‘ಒಂದೇ ವರ್ಷದಲ್ಲಿ ಭಾರಿ ಪ್ರಗತಿ’ ಎಂದು ಫ್ಲೆಕ್ಸ್ ಹಾಕಬಹುದು. ನಡೆದದ್ದು ಒಬ್ಬ ಹುಡುಗಿ ಹೆಚ್ಚಿಗೆ ಪಾಸಾದದ್ದು.

ಜಮಾಅತಿನ ಪಟ್ಟಿಗೆ

ಹಲವು ಜಮಾಅತುಗಳು ಈಗ ತಮ್ಮ ಮನೆಗಳ ಪಟ್ಟಿಯನ್ನು ತಾವೇ ಮಾಡಿಕೊಳ್ಳುತ್ತಿವೆ. ಒಳ್ಳೆಯ ಕೆಲಸ. ಮಾಡುವವರಿಗೆ ಎರಡು ಮೂರು ಸಲಹೆ ಕೊಡಬೇಕೆನಿಸುತ್ತದೆ.

ವಯಸ್ಸು ಕೇಳುವಾಗ ಎಚ್ಚರ ಬೇಕು. ನಮ್ಮ ದೇಶದ ಜನಗಣತಿಗಳಲ್ಲಿ 30, 35, 40, 45, 50 ಹೀಗೆ ಸೊನ್ನೆ ಮತ್ತು ಐದರಲ್ಲಿ ಕೊನೆಯಾಗುವ ವಯಸ್ಸಿನವರು ರಾಶಿ ರಾಶಿ ಇರುತ್ತಾರೆ, 41ರವರು, 49ರವರು ಕಡಿಮೆ. ಆ ವರ್ಷಗಳಲ್ಲಿ ಹೆಚ್ಚು ಮಕ್ಕಳು ಹುಟ್ಟಿದ್ದರೆಂದಲ್ಲ. ‘ಒಂದು ನಲವತ್ತಿರಬಹುದು ಬರ್ಕೊಳ್ಳಿ’ ಎಂದು ಹೇಳುವ ನಮ್ಮ ರೂಢಿಯಿಂದ ಹಾಗಾಗುತ್ತದೆ. ಹಿರಿಯರಲ್ಲಿ ಅನೇಕರ ಹುಟ್ಟಿದ ದಿನವೂ ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡದ್ದು. ಅದಕ್ಕೆ ವಯಸ್ಸಿನ ಬದಲು ಹುಟ್ಟಿದ ಇಸವಿ ಕೇಳಿ, ಅದಕ್ಕೂ ಮುಂಚೆ ಕಾಗದ ಇದೆಯೇ ಎಂದು ಕೇಳಿ. ಕಾಗದವಿಲ್ಲದಿದ್ದರೆ ಅಂದಾಜು ಎಂದೇ ಪಕ್ಕದಲ್ಲಿ ಬರೆಯಿರಿ. ಅಂದಾಜನ್ನು ಅಂದಾಜು ಎಂದು ಬರೆಯುವುದರಲ್ಲಿ ಅವಮಾನವಿಲ್ಲ.

ಆದಾಯವನ್ನು ‘10,000ಕ್ಕಿಂತ ಕಡಿಮೆ’, ‘10ರಿಂದ 20,000’ ಎಂಬ ಡಬ್ಬಿಗಳಲ್ಲಿ ಹಾಕಿಬಿಟ್ಟರೆ ರೂಪಾಯಿಯ ಅನುಪಾತ ಮಾಪನ ಬರೀ ಕ್ರಮ ಮಾಪನವಾಗಿ ಇಳಿದುಹೋಗುತ್ತದೆ. ಆಮೇಲೆ 6,000ದ ಮನೆಯನ್ನೂ 9,500ರ ಮನೆಯನ್ನೂ ಬೇರ್ಪಡಿಸಲು ಆಗುವುದಿಲ್ಲ. ಸಾಧ್ಯವಾದಷ್ಟು ಅಂಕಿಯನ್ನೇ ಬರೆಯಿರಿ, ಡಬ್ಬಿಗೆ ಹಾಕುವ ಕೆಲಸವನ್ನು ಯಾವಾಗ ಬೇಕಾದರೂ ಮಾಡಬಹುದು. ಹೇಳಲು ಇಷ್ಟವಿಲ್ಲದವರನ್ನು ಒತ್ತಾಯಿಸಬೇಡಿ. ‘ಹೇಳಲಿಲ್ಲ’ ಎಂದು ಬರೆಯಿರಿ, ಸೊನ್ನೆ ಎಂದು ಬರೆಯಬೇಡಿ. ಸೊನ್ನೆ ಎಂದರೆ ಆದಾಯವೇ ಇಲ್ಲ ಎಂದರ್ಥ. ಅಂಥ ನಾಲ್ಕು ಸುಳ್ಳು ಸೊನ್ನೆಗಳು ಇಡೀ ಮೊಹಲ್ಲಾದ ಸರಾಸರಿಯನ್ನು ಕೆಳಗೆ ಎಳೆಯುತ್ತವೆ. ಮನೆಯವರ ಹೆಸರಿರುವ ಹಾಳೆ ಬೇರೆ ಇರಲಿ, ಅಂಕಿಗಳ ಹಾಳೆ ಬೇರೆ ಇರಲಿ. ಯಾರ ಮನೆಯಲ್ಲಿ ಎಷ್ಟು ಕಷ್ಟವಿದೆ ಎಂಬುದು ವಾಟ್ಸ್ಯಾಪ್ ಗ್ರೂಪಿನಲ್ಲಿ ಓಡಾಡುವ ವಿಷಯವಲ್ಲ.

ಪಟ್ಟಿಗೆ ಒಂದು ದಿನ ಗೊತ್ತುಮಾಡಿ, ಆ ದಿನವನ್ನು ಹಾಳೆಯ ತಲೆಯಲ್ಲಿ ಬರೆಯಿರಿ. ಜನಗಣತಿಯವರು ಮಾಡುವುದೂ ಇದನ್ನೇ. ಅವರ ಮುಂದಿನ ಲೆಕ್ಕದ ಗಳಿಗೆ 2027ರ ಮಾರ್ಚ್ 1ರ ಮೊದಲ ಕ್ಷಣ, ಅಂದರೆ ಹಿಂದಿನ ಮಧ್ಯರಾತ್ರಿ ಹನ್ನೆರಡು. ಆ ಗಳಿಗೆಗೆ ಮುಂಚೆ ಹುಟ್ಟಿದ ಮಗು ಲೆಕ್ಕಕ್ಕೆ ಸೇರುತ್ತದೆ, ಒಂದು ಗಂಟೆಗೆ ಹುಟ್ಟಿದ್ದು ಸೇರುವುದಿಲ್ಲ. ಕುಣಿಗಲ್ಲಿನಲ್ಲಿ ಶಾಬಾನ್ ತಿಂಗಳಲ್ಲಿ ಎಣಿಸಿ, ಗುಬ್ಬಿಯಲ್ಲಿ ಬಕ್ರೀದ್ ಆದಮೇಲೆ ಎಣಿಸಿದರೆ ಈ ನಡುವೆ ಮನೆ ಬದಲಿಸಿದ ಕುಟುಂಬ ಎರಡು ಪಟ್ಟಿಯಲ್ಲೂ ಇರಬಹುದು, ಎರಡರಲ್ಲೂ ಇಲ್ಲದಿರಬಹುದು. ಸುತ್ತಲಿನ ಜಮಾಅತುಗಳು ಮೊದಲೇ ಮಾತಾಡಿಕೊಂಡು ಒಂದೇ ದಿನವನ್ನು ಇಟ್ಟುಕೊಂಡರೆ ಪಟ್ಟಿಗಳನ್ನು ಸೇರಿಸಿ ಓದಲು ಬರುತ್ತದೆ.